ಸೂಪರ್‌ಚಾರ್ಜರ್ ಕೂರಿಸಿದ ಟ್ರಕ್ಕಿಗೆ ಬೇರೆ ಇಸಿಯು ಬೇಕೇ?

ಪ್ರಶ್ನೆ: ನನ್ನದು 2005ರ ಶೆವ್ರೊಲೆ ಸಿಲ್ವರಾಡೊ, 5.3 ಲೀಟರಿನ ವಿ8. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿಸುತ್ತಿದ್ದೇನೆ, ಬೂಸ್ಟ್ (ಹಾಗೆ ಒತ್ತಿದ ಗಾಳಿಯ ಹೆಚ್ಚುವರಿ ಒತ್ತಡ) 6 ಪಿಎಸ್‌ಐ. ಹೊರಗಿನ ಇಸಿಯು (ಎಂಜಿನ್ನನ್ನು ಆಳುವ ಕಂಪ್ಯೂಟರ್) ಕೊಳ್ಳಲೇ, ಇರುವುದೇ ಸಾಕೇ? ಬ್ಯಾಟರಿ ತಂತಿ ಬಿಚ್ಚಿ ಹಾಕಿ ನೂರು ಮೈಲಿ ಓಡಿಸಿದರೆ ಅದೇ ಕಲಿತುಕೊಳ್ಳುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಟ್ರಕ್ಕಿನ ಮಾದರಿ ಬದಲಾಗುತ್ತದೆ, ಊರು ಬದಲಾಗುತ್ತದೆ, ಆ ಸ್ನೇಹಿತರು ಮಾತ್ರ ಬದಲಾಗುವುದಿಲ್ಲ. ಅವರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕಂಪನಿಯ ಇಸಿಯು ಸಾಕು. ಆದರೆ ಅದರೊಳಗಿನ ಲೆಕ್ಕವನ್ನು ಹೊಸದಾಗಿ ಬರೆಸಬೇಕು. ನಿಮ್ಮ ಟ್ರಕ್ಕಿನಲ್ಲಿ ಆ ಪೆಟ್ಟಿಗೆ ಎಂಜಿನ್ ಒಂದನ್ನೇ ನೋಡಿಕೊಳ್ಳುವುದಿಲ್ಲ; 4ಎಲ್60ಇ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೂ ಆಳುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳುಗಳಿಗೆ ಸುದ್ದಿ ಕಳಿಸುತ್ತದೆ, ಎಸಿ ಕಂಪ್ರೆಸರಿಗೆ ಅಪ್ಪಣೆ ಕೊಡುತ್ತದೆ. ಅದನ್ನು ಕಿತ್ತು ಹೋಲಿ ಕಂಪನಿಯದೋ ಹಾಲ್ಟೆಕ್ ಕಂಪನಿಯದೋ ಸ್ವತಂತ್ರ ಇಸಿಯು ಕೂರಿಸಿದರೆ, ಇವನ್ನೆಲ್ಲ ಒಂದೊಂದಾಗಿ ಮತ್ತೆ ಹೊಂದಿಸುತ್ತ ಕೂರಬೇಕು. ಎಪ್ಪತ್ತರ ದಶಕದ ಟ್ರಕ್ಕಿಗೆ ಹೊಸ ಎಂಜಿನ್ ಇಳಿಸುವವರಿಗೆ ಸ್ವತಂತ್ರ ಇಸಿಯು ಸರಿ, ಬರಿಯ ರೇಸಿಗೆಂದು ಕಟ್ಟುವವರಿಗೂ ಸರಿ. ಸೋಮವಾರ ಕೆಲಸಕ್ಕೆ ಹೋಗುವ ಟ್ರಕ್ಕಿಗೆ ಅದು ಬೇಡದ ಖರ್ಚು. ಇಸಿಯುವಿನ ಲೆಕ್ಕ ತಿದ್ದುವ ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐ ಲೈವ್ ತಂತ್ರಾಂಶ ಬಲ್ಲ ಒಬ್ಬ ಟ್ಯೂನರ್ ಸಿಕ್ಕರೆ ಕೆಲಸ ಆದಂತೆಯೇ.

ಈಗ ‘ಅದೇ ಕಲಿಯುತ್ತದೆ’ ಎಂಬ ಮಾತು. ಈ ನಂಬಿಕೆ ಸಾಯದಿರಲು ಕಾರಣವಿದೆ: ಇಸಿಯು ನಿಜಕ್ಕೂ ಒಂದಿಷ್ಟು ಕಲಿಯುತ್ತದೆ. ಏನನ್ನು, ಯಾವಾಗ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅದು ಕಲಿಯುವುದು ಇಂಧನದ ಚಿಕ್ಕ ತಿದ್ದುಪಡಿಯನ್ನು, ನೀವು ಹದವಾಗಿ ಓಡಿಸುತ್ತಿರುವಾಗ. ಆಗ ಆಮ್ಲಜನಕ ಸೆನ್ಸರ್ ನೋಡಿಕೊಂಡು ಗಾಳಿ-ಪೆಟ್ರೋಲಿನ ಅನುಪಾತವನ್ನು 14.7ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಆ ಸೆನ್ಸರಿಗೆ ಗೊತ್ತಿರುವುದು ಇಷ್ಟೇ: ಪೆಟ್ರೋಲ್ ಹೆಚ್ಚಾಯಿತೋ, ಕಡಿಮೆಯಾಯಿತೋ. 11.5ಕ್ಕೂ 12.5ಕ್ಕೂ ಇರುವ ವ್ಯತ್ಯಾಸ ಅದಕ್ಕೆ ಕಾಣದು. ಬೂಸ್ಟಿನಲ್ಲಿ ಎಂಜಿನ್ ಬದುಕುವುದೂ ಸಾಯುವುದೂ ಆ ವ್ಯತ್ಯಾಸದಲ್ಲಿಯೇ. ಪೆಡಲನ್ನು ಪೂರ್ತಿ ತುಳಿದ ಕ್ಷಣ ಇಸಿಯು ಆ ಸೆನ್ಸರಿನ ಮಾತು ಕೇಳುವುದನ್ನೇ ಬಿಟ್ಟು, ತನ್ನಲ್ಲಿ ಬರೆದಿಟ್ಟ ಕೋಷ್ಟಕದಂತೆ ನಡೆಯುತ್ತದೆ. ಹದವಾದ ಓಟದಲ್ಲಿ ಕಲಿತ ತಿದ್ದುಪಡಿಯನ್ನು ಅಲ್ಲಿಗೂ ಸ್ವಲ್ಪ ಒಯ್ಯಬಹುದು, ನಿಜ. ಆದರೆ ಆ ಪಾಠ ನಡೆದಾಗ ಬೂಸ್ಟ್ ಇರಲೇ ಇಲ್ಲ.

ಸ್ಪಾರ್ಕಿನ, ಅಂದರೆ ಕಿಡಿ ಹಾರಿಸುವ ಹೊತ್ತಿನ, ಕಥೆ ಇನ್ನೂ ಸ್ಪಷ್ಟ. ನಿಮ್ಮ ಎಂಜಿನ್ನಿನ ಒಂದು ಸಿಲಿಂಡರಿನ ಗಾತ್ರ 666 ಸಿಸಿ. ಸಮುದ್ರಮಟ್ಟದಲ್ಲಿ ಅದು ಪೂರ್ತಿ ತುಂಬಿದರೂ ಒಳಗೆ ಹಿಡಿಯುವ ಗಾಳಿ ಸುಮಾರು 0.8 ಗ್ರಾಂ. 6 ಪಿಎಸ್‌ಐ ಬೂಸ್ಟ್ ಕೊಟ್ಟರೆ, ಗಾಳಿ ಬಿಸಿಯಾಗುವ ನಷ್ಟ ಕಳೆದು, 1 ಗ್ರಾಂ ದಾಟುತ್ತದೆ. ಕಾರ್ಖಾನೆಯ ಸ್ಪಾರ್ಕ್ ಕೋಷ್ಟಕದಲ್ಲಿ 1.2 ಗ್ರಾಂವರೆಗೂ ಸಾಲುಗಳಿವೆ. ಆದರೆ ಮೂಲ ಎಂಜಿನ್ ಎಂದೂ ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿನ ಸಂಖ್ಯೆಗಳನ್ನು ಯಾರೂ ಬೂಸ್ಟಿಗೆಂದು ಬರೆದಿಲ್ಲ. ನಿಮ್ಮ ಟ್ರಕ್ಕು ನೇರ ಆ ಸಾಲುಗಳಿಗೇ ಹೋಗಿ ನಿಲ್ಲುತ್ತದೆ. ಪ್ರತಿ ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಸ್ಪಾರ್ಕ್ ಹಿಂದಕ್ಕೆ ಸರಿಸಿ (ಅಂದರೆ ತಡಮಾಡಿ) ಕೆಲಸ ಶುರುಮಾಡುವುದು ಟ್ಯೂನರ್‌ಗಳ ರೂಢಿ. ಇಸಿಯು ತಾನಾಗಿ ಅದನ್ನು ಮಾಡುವುದಿಲ್ಲ.

‘ನಾಕ್ ಸೆನ್ಸರ್ ಇದೆಯಲ್ಲ’ ಎನ್ನುತ್ತೀರಿ. ಇದೆ. ನಾಕ್ ಎಂದರೆ ಪೆಟ್ರೋಲ್ ಹದತಪ್ಪಿ ಸಿಡಿದು ಎಂಜಿನ್ ಕುಟ್ಟುವುದು; ಅದನ್ನು ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್. ಇಸಿಯುವಿನಲ್ಲಿ ಹೆಚ್ಚು ಆಕ್ಟೇನಿನ ಸ್ಪಾರ್ಕ್ ಕೋಷ್ಟಕ, ಕಡಿಮೆ ಆಕ್ಟೇನಿನ ಕೋಷ್ಟಕ ಎಂದು ಎರಡಿವೆ. ನಾಕ್ ಕೇಳಿಸಿದಂತೆಲ್ಲ ಇಸಿಯು ಮೊದಲನೆಯದರಿಂದ ಎರಡನೆಯದರ ಕಡೆಗೆ ಜಾರುತ್ತದೆ. ಅಂದರೆ ಅದು ಕಲಿಯಬೇಕಾದರೆ ಮೊದಲು ನಾಕ್ ಆಗಬೇಕು. ಎರಕದ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಚೂರಾದ ಮೇಲೆ ಬುದ್ಧಿ ಬಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. (ನಿಮ್ಮ ಎಂಜಿನ್ನಿನ ನಾಕ್ ಸೆನ್ಸರ್‌ಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿವೆ, ನೀರು ನಿಂತು ತುಕ್ಕು ಹಿಡಿಯುತ್ತವೆ. ನಿಮ್ಮದು ಮ್ಯಾನಿಫೋಲ್ಡಿನ ಜಾಗದಲ್ಲಿಯೇ ಕೂರುವ ಸೂಪರ್‌ಚಾರ್ಜರ್ ಆದರೆ ಮ್ಯಾನಿಫೋಲ್ಡ್ ಹೇಗೂ ಬಿಚ್ಚಲೇಬೇಕು. ಆಗಲೇ ಎರಡನ್ನೂ ಬದಲಿಸಿ.)

ಇನ್ನು ಬ್ಯಾಟರಿ. ತಂತಿ ಬಿಚ್ಚಿದರೆ ಅಳಿಯುವುದು ಆ ಚಿಕ್ಕ ತಿದ್ದುಪಡಿಗಳು ಮಾತ್ರ. ಕೋಷ್ಟಕಗಳಿರುವುದು ಫ್ಲಾಶ್ ಮೆಮೊರಿಯಲ್ಲಿ; ವರ್ಷವಿಡೀ ಬ್ಯಾಟರಿ ತೆಗೆದಿಟ್ಟರೂ ಅವು ಅಲುಗುವುದಿಲ್ಲ. ರೇಡಿಯೊದ ಗಡಿಯಾರವನ್ನು ಮತ್ತೆ ಹೊಂದಿಸುವ ಕೆಲಸ ನಿಮ್ಮ ಪಾಲಿಗೆ ಉಳಿಯುತ್ತದೆ, ಅಷ್ಟೇ.

ಟ್ಯೂನರ್ ಬಳಿ ಹೋಗುವಾಗ ಮೂರು ವಿಷಯ ತಿಳಿದಿರಲಿ. ಮ್ಯಾನಿಫೋಲ್ಡಿನೊಳಗಿನ ಒತ್ತಡ ಅಳೆಯುವ ಮೂಲ ಎಂಎಪಿ ಸೆನ್ಸರ್ ಸುಮಾರು 105 ಕಿಲೊಪ್ಯಾಸ್ಕಲ್‌ಗೆ ನಿಂತುಬಿಡುತ್ತದೆ. ವಾತಾವರಣದ ಒತ್ತಡವೂ ಸೇರಿ ನಿಮ್ಮದು 142ರ ಹತ್ತಿರ. ಗಾಳಿಯ ತೂಕ ಅಳೆಯುವ ಎಂಎಎಫ್ ಸೆನ್ಸರನ್ನೇ ನಂಬಿ ಇಷ್ಟು ಬೂಸ್ಟಿಗೆ ಟ್ಯೂನ್ ಮಾಡಬಹುದು, ಆದರೂ 2 ಬಾರ್ (200 ಕಿಲೊಪ್ಯಾಸ್ಕಲ್) ಎಂಎಪಿ ಸೆನ್ಸರ್ ಇದ್ದರೆ ಒಳ್ಳೆಯದು. ಎರಡನೆಯದು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ನಿಮ್ಮದು ರಿಟರ್ನ್ ಪೈಪ್ ಇಲ್ಲದ ವ್ಯವಸ್ಥೆ, ಇಂಧನದ ಒತ್ತಡ 58 ಪಿಎಸ್‌ಐಗೆ ಕಟ್ಟಿಹಾಕಿದೆ. ಎದುರಿನಿಂದ 6 ಪಿಎಸ್‌ಐ ಬೂಸ್ಟ್ ತಳ್ಳಿದರೆ ಉಳಿಯುವುದು 52. ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಿನಲ್ಲಿಯೇ ಇಂಜೆಕ್ಟರ್ ಸುಮಾರು 5% ಕಡಿಮೆ ಸುರಿಸುತ್ತದೆ. ದೊಡ್ಡ ಇಂಜೆಕ್ಟರ್ ಬೇಕು, ಅದರ ಸರಿಯಾದ ಅಂಕಿಅಂಶ ಇಸಿಯುಗೆ ತುಂಬಬೇಕು. ಮೂರನೆಯದು ವೈಡ್‌ಬ್ಯಾಂಡ್ ಸೆನ್ಸರ್, ಅಂದರೆ 11.5ಕ್ಕೂ 12.5ಕ್ಕೂ ವ್ಯತ್ಯಾಸ ಕಾಣಬಲ್ಲ ಆಮ್ಲಜನಕ ಸೆನ್ಸರ್. ಅದಿಲ್ಲದೆ ಟ್ಯೂನ್ ಮಾಡುತ್ತೇನೆ ಎನ್ನುವವನ ಅಂಗಳದಿಂದ ಟ್ರಕ್ಕನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಬನ್ನಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಪತ್ರ ಇದರ ಬಗ್ಗೆಯೇ ಇರುತ್ತದೆ: ‘ಇದೇ ಟ್ರಕ್ಕಿರುವ ಗೆಳೆಯನ ಟ್ಯೂನ್ ಫೈಲನ್ನು ಹಾಕಿಕೊಳ್ಳಲೇ?’ ಮೊದಲು ಅವನ ಊರಿನ ಪಂಪಿನಲ್ಲಿ ಏನು ಸಿಗುತ್ತದೆ ನೋಡಿ. ಟೆಕ್ಸಾಸಿನಲ್ಲಿ ಪ್ರೀಮಿಯಂ ಎಂದರೆ ಸಾಮಾನ್ಯವಾಗಿ 93 ಆಕ್ಟೇನ್, ಕ್ಯಾಲಿಫೋರ್ನಿಯಾದಲ್ಲಿ 91. ಬೆಂಗಳೂರಿನಲ್ಲಿ ಸಾಮಾನ್ಯ ಪೆಟ್ರೋಲೇ 91 ಇತ್ತು ಎಂದು ಹೋಲಿಸಬೇಡಿ. ಆಕ್ಟೇನ್ ಅಳೆಯುವ ವಿಧಾನ ಎರಡು, ಆರ್‌ಒಎನ್ ಮತ್ತು ಹೆಚ್ಚು ಕಠಿಣವಾದ ಎಂಒಎನ್. ಭಾರತದ ಅಂಕಿ ಆರ್‌ಒಎನ್, ಅಮೆರಿಕದ ಅಂಕಿ ಎರಡರ ಸರಾಸರಿ. ಬೆಂಗಳೂರಿನ ಆ 91 ಅಮೆರಿಕದ ಸಾಮಾನ್ಯ 87ಕ್ಕೆ ಹೆಚ್ಚುಕಡಿಮೆ ಸಮ. ಡಲ್ಲಾಸಿನಲ್ಲಿ 93ಕ್ಕೆ ಅಂಚಿನವರೆಗೂ ಎಳೆದ ಸ್ಪಾರ್ಕ್ ಕೋಷ್ಟಕವನ್ನು ಸ್ಯಾನ್ ಹೋಸೆಯ 91ರ ಮೇಲೆ ಓಡಿಸಿದರೆ ಮೊದಲ ಬಿಸಿಲಿನ ಮಧ್ಯಾಹ್ನವೇ ನಾಕ್ ಶುರುವಾದೀತು. ಹಾಕಲೇಬೇಕೆಂದಿದ್ದರೆ ಬೂಸ್ಟಿನ ಸಾಲುಗಳಿಂದ ಕೆಲವು ಡಿಗ್ರಿ ತೆಗೆದು, ಲಾಗ್ (ಓಟದ ವೇಳೆ ಇಸಿಯು ಕೊಟ್ಟ ದಾಖಲೆ) ನೋಡುತ್ತ ಒಂದೊಂದಾಗಿ ಮರಳಿ ಸೇರಿಸಿ. ಕ್ಯಾಲಿಫೋರ್ನಿಯಾದವರು ಸೂಪರ್‌ಚಾರ್ಜರ್ ಕೊಳ್ಳುವ ಮುನ್ನ ಆ ಕಿಟ್ಟಿಗೆ ನಿಮ್ಮ ವರ್ಷದ ಟ್ರಕ್ಕಿನ ಹೆಸರಿನಲ್ಲಿ ಕಾರ್ಬ್ (ಆ ರಾಜ್ಯದ ವಾಯುಮಾಲಿನ್ಯ ನಿಯಂತ್ರಣ ಮಂಡಳಿ) ಕೊಡುವ ಅನುಮತಿಯ ಇಒ ಸಂಖ್ಯೆ ಇದೆಯೇ ಎಂದೂ ನೋಡಿ. ಸ್ಮಾಗ್ (ಹೊಗೆ) ತಪಾಸಣೆಯವರು ಬಾನೆಟ್ ಎತ್ತಿದ ಕೂಡಲೇ ಹುಡುಕುವುದು ಆ ಸಂಖ್ಯೆಯ ಸ್ಟಿಕ್ಕರನ್ನು.