ಆಟ ಕಂಪನಿಯದು, ತಿದ್ದುಪಡಿ ಅಭಿಮಾನಿಯದು

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯಿಂದ ಬಂದ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಚಿತ್ರ. ಮೋಡಕ್ಕೆ ಬಿಳಿ ಬಳಿದಿದ್ದಾರೆ, ಪೊದೆಗೆ ಹಸಿರು, ಅಷ್ಟೇ. ಜಾಗ ಉಳಿಸಲು ಮಾಡಿದ ಜಾಣತನ ಅದು. ಇಡೀ ಆಟ ಕೂತಿರುವುದು 40 ಕಿಲೋಬೈಟ್‌ನಲ್ಲಿ. ಅದರಲ್ಲಿ 32 ಕಿಲೋಬೈಟ್ ಪ್ರೋಗ್ರಾಮಿಗೆ ಮತ್ತು ಹಂತಗಳ ವಿವರಕ್ಕೆ, ಉಳಿದ 8 ಚಿತ್ರಗಳಿಗೆ. ಒಬ್ಬರೇ ಕೂತು ಒಂದೊಂದು ಬೈಟ್ ನೋಡುತ್ತಾ ಹೋದರೂ ಪೂರ್ತಿ ಅರ್ಥ ಮಾಡಿಕೊಳ್ಳಬಹುದು, ಅಷ್ಟು ಚಿಕ್ಕದು.

ಹಾಗೆ ಕೂತವರು ಬಹಳ ಜನ. ಟಿವಿಗೆ ಜೋಡಿಸಿ ಆಡುವ ಹಳೆಯ ಕನ್ಸೋಲ್ ಆಟದ ಚಿಪ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದನ್ನು ತಿದ್ದಿ ಬೇರೆ ಆಟ ಮಾಡುವುದಕ್ಕೆ ರೋಮ್ ಹ್ಯಾಕಿಂಗ್ ಅನ್ನುತ್ತಾರೆ. ಕೆಲವರು ಬರೀ ಬಣ್ಣ ಬದಲಿಸುತ್ತಾರೆ. ಕೆಲವರು ಎಲ್ಲ ಹಂತಗಳನ್ನೂ ಹೊಸದಾಗಿ ಕಟ್ಟುತ್ತಾರೆ. ಇನ್ನು ಕೆಲವರು ಒಂದು ಭಾಷೆಯ ಆಟವನ್ನು ಮತ್ತೊಂದು ಭಾಷೆಗೆ ತರುತ್ತಾರೆ. ಹೆಚ್ಚಿನವರು ಇದಕ್ಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಆದರೂ ನಾಲ್ಕು ದಶಕದಿಂದ ಒಂದು ಜಗಳ ಇವರ ಬೆನ್ನು ಬಿಟ್ಟಿಲ್ಲ. ಆಟ ಕೊಂಡವರಿಗೆ ಅದನ್ನು ತಿದ್ದುವ ಹಕ್ಕು ಇದೆಯಾ, ಇಲ್ಲವಾ?

ಜಗಳ ಶುರುವಾಗಿದ್ದು ಮನೆಯ ಕನ್ಸೋಲ್‌ನಲ್ಲಲ್ಲ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದಲ್ಲಿ. 1981ರಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಕೆಲವು ಹುಡುಗರು ಜನರಲ್ ಕಂಪ್ಯೂಟರ್ ಅಂತ ಒಂದು ಕಂಪನಿ ಮಾಡಿಕೊಂಡರು. ಅಟಾರಿಯ ಮಿಸೈಲ್ ಕಮಾಂಡ್ ಯಂತ್ರದೊಳಗೆ ಕೂರಿಸುವ ಒಂದು ಸರ್ಕ್ಯೂಟ್ ಬೋರ್ಡ್ ತಯಾರಿಸಿ ಮಾರಿದರು. ಅದನ್ನು ಹಾಕಿದರೆ ಹಳೆಯ ಆಟವೇ ಇನ್ನಷ್ಟು ಕಷ್ಟವಾಗುತ್ತಿತ್ತು. ಅಟಾರಿ ಕೇಸ್ ಹಾಕಿತು. ಕೊನೆಗೆ ರಾಜಿಯಾಯಿತು, ಅದೇ ಹುಡುಗರಿಗೆ ಅಟಾರಿಯೇ ಕೆಲಸ ಕೊಟ್ಟಿತು. ಅವರ ಕೈಯಲ್ಲಿ ಇನ್ನೊಂದು ತಿದ್ದುಪಡಿಯೂ ಇತ್ತು. ಪ್ಯಾಕ್‌ಮ್ಯಾನ್ ಆಟವನ್ನು ಬದಲಿಸಿ ಮಾಡಿದ್ದ ‘ಕ್ರೇಜಿ ಒಟ್ಟೊ’ ಅದು. ಅಮೆರಿಕದಲ್ಲಿ ಪ್ಯಾಕ್‌ಮ್ಯಾನ್ ಮಾರುತ್ತಿದ್ದ ಮಿಡ್‌ವೇ ಕಂಪನಿ ಅದನ್ನು ಕೊಂಡುಕೊಂಡಿತು. 1982ರಲ್ಲಿ ಅದೇ ಮಿಸ್ ಪ್ಯಾಕ್‌ಮ್ಯಾನ್ ಆಗಿ ಹೊರಬಂತು. ಆ ಕಾಲದ ಅತಿ ಜನಪ್ರಿಯ ಆರ್ಕೇಡ್ ಆಟಗಳಲ್ಲಿ ಒಂದು ಹುಟ್ಟಿದ್ದೇ ಹೊರಗಿನವರ ತಿದ್ದುಪಡಿಯಾಗಿ. ತಿದ್ದುವುದೆಂದರೆ ಮೂಲವನ್ನು ಕೆಡಿಸುವುದು ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಮನೆಯೊಳಗೆ ಈ ಪ್ರಶ್ನೆ ಬಂದಿದ್ದು ಗೇಮ್ ಜೀನಿ ಜೊತೆಗೆ. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ರೂಪಿಸಿದ ಈ ಸಾಧನವನ್ನು 1990ರಲ್ಲಿ ಅಮೆರಿಕದ ಗಲೂಬ್ ಎಂಬ ಆಟಿಕೆ ಕಂಪನಿ ಮಾರಲು ಹೊರಟಿತು. ನಿಂಟೆಂಡೊ ಕನ್ಸೋಲ್‌ಗೂ ಆಟದ ಚಿಪ್ ಇರುವ ಕಾರ್ಟ್ರಿಜ್‌ಗೂ ನಡುವೆ ಇದನ್ನು ಸಿಕ್ಕಿಸಬೇಕು. ಆಮೇಲೆ ಆರು ಅಥವಾ ಎಂಟು ಅಕ್ಷರದ ಒಂದು ಕೋಡ್ ಹಾಕಬೇಕು. ಮಾರಿಯೊ ಆಟಕ್ಕೆ ‘ಎಸ್ ಎಕ್ಸ್ ಐ ಓ ಪಿ ಓ’ ಅಂತ ಹಾಕಿದರೆ ಲೈಫ್ ಮುಗಿಯುವುದೇ ಇಲ್ಲ.

ಒಳಗೆ ಏನಾಗುತ್ತದೆ ಅಂತ ನೋಡಿದರೆ ಖುಷಿಯಾಗುತ್ತದೆ. ಮಾರಿಯೊ ಸತ್ತಾಗ ಪ್ರೊಸೆಸರ್‌ಗೆ ಒಂದು ಆದೇಶ ಎದುರಾಗುತ್ತದೆ: ಉಳಿದ ಲೈಫ್‌ಗಳ ಲೆಕ್ಕದಲ್ಲಿ ಒಂದು ಕಳೆ. ಹೆಕ್ಸ್, ಅಂದರೆ 16ರ ಆಧಾರದ ಲೆಕ್ಕದಲ್ಲಿ ಬರೆದರೆ ಆ ಆದೇಶ ‘ಸಿಇ’ ಎಂಬ ಒಂದೇ ಬೈಟ್. ಪ್ರೊಸೆಸರ್ ಆ ಜಾಗವನ್ನು ಓದಲು ಹೋದಾಗ ಗೇಮ್ ಜೀನಿ ನಡುವೆ ಬಂದು ‘ಎಡಿ’ ಎಂಬ ಬೇರೆ ಬೈಟ್ ಕೊಡುತ್ತದೆ. ಅದರ ಅರ್ಥ ಕಳೆಯಬೇಡ, ಸುಮ್ನೆ ಓದು ಅಂತ. ಪ್ರೊಸೆಸರ್ ಲೆಕ್ಕವನ್ನು ಓದಿಕೊಂಡು ಮುಂದೆ ಹೋಗುತ್ತದೆ, ಲೆಕ್ಕ ಇದ್ದ ಹಾಗೇ ಇರುತ್ತದೆ. ಕಾರ್ಟ್ರಿಜ್‌ನೊಳಗೆ ಏನೂ ಬದಲಾಗಿಲ್ಲ. ಸಾಧನ ತೆಗೆದರೆ ಆಟ ಮೊದಲಿನಂತೆಯೇ.

ನಿಂಟೆಂಡೊ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಅದರಿಂದ ಗಲೂಬ್‌ಗೆ ಸುಮಾರು ಒಂದು ವರ್ಷ ಅಮೆರಿಕದಲ್ಲಿ ಮಾರಲು ಆಗಲಿಲ್ಲ. 1991ರಲ್ಲಿ ತೀರ್ಪು ಗಲೂಬ್ ಪರವಾಗಿ ಬಂತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಗೇಮ್ ಜೀನಿ ಎಲ್ಲೂ ಹೊಸ ಪ್ರತಿಯನ್ನು ಮಾಡಿಡುವುದಿಲ್ಲ, ತೆರೆಯ ಮೇಲೆ ಆ ಹೊತ್ತಿಗೆ ಕಾಣುವುದನ್ನು ಮಾತ್ರ ಬದಲಿಸುತ್ತದೆ, ಹಾಗಾಗಿ ಇದು ಕಾಪಿರೈಟ್ ಉಲ್ಲಂಘನೆಯಲ್ಲ ಎಂದಿತು ಕೋರ್ಟ್. ವ್ಯಾಪಾರ ನಿಂತಿದ್ದ ಕಾಲದ ನಷ್ಟಕ್ಕೆ ನಿಂಟೆಂಡೊ 1.5 ಕೋಟಿ ಡಾಲರ್ ಕಟ್ಟಿಕೊಡಬೇಕಾಯಿತು.

ಅಭಿಮಾನಿಗಳೇ ಗೆದ್ದಂತಾಯಿತು ಅಲ್ವಾ? ಇಲ್ಲ. 1998ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯದ ಮುಂದೆ ಇನ್ನೊಂದು ಕೇಸ್ ಬಂತು. ಡ್ಯೂಕ್ ನ್ಯೂಕೆಮ್ 3ಡಿ ಎಂಬ ಪಿಸಿ ಆಟಕ್ಕೆ ಆಟಗಾರರೇ ಕಟ್ಟಿದ್ದ 300 ಹಂತಗಳನ್ನು ಮೈಕ್ರೊ ಸ್ಟಾರ್ ಎಂಬ ಕಂಪನಿ ಸಿಡಿಯಲ್ಲಿ ಹಾಕಿ ಮಾರುತ್ತಿತ್ತು. ಈ ಬಾರಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಇಲ್ಲಿ ಹಂತಗಳ ವಿವರ ಫೈಲಿನಲ್ಲಿ ಶಾಶ್ವತವಾಗಿ ಕೂತಿದೆ, ಮೂಲ ಆಟದ ಕಥೆಯನ್ನೇ ಮುಂದುವರಿಸುತ್ತದೆ ಎಂದಿತು. ಜಪಾನ್ ಇನ್ನೂ ಬಿಗಿಯಾಯಿತು. ಕೊನಾಮಿಯ ‘ಟೊಕಿಮೆಕಿ ಮೆಮೊರಿಯಲ್’ ಆಟಕ್ಕೆ ಒಂದು ಮೆಮೊರಿ ಕಾರ್ಡ್ ಮಾರಾಟಕ್ಕೆ ಬಂದಿತ್ತು. ಅದನ್ನು ಹಾಕಿದರೆ ನಾಯಕನ ಗುಣಗಳೆಲ್ಲ ಮೊದಲಿಗೇ ಮೇಲಿನ ಮಟ್ಟದಲ್ಲಿರುತ್ತಿದ್ದವು. ಇದರಿಂದ ಕಥೆಯ ರೂಪವೇ ಕೆಡುತ್ತದೆ, ಸೃಷ್ಟಿಕರ್ತರ ನೈತಿಕ ಹಕ್ಕಿಗೆ ಧಕ್ಕೆಯಾಗುತ್ತದೆ ಎಂದು 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಟದ ಪ್ರೋಗ್ರಾಮನ್ನು ಅಲ್ಲಿ ಯಾರೂ ಮುಟ್ಟಿರಲಿಲ್ಲ, ಸೇವ್ ಮಾಡಿದ ಡೇಟಾ ಮಾತ್ರ ಬದಲಾಗಿತ್ತು.

ಕಾನೂನು ಹೀಗೆ ಹೊಯ್ದಾಡುತ್ತಿದ್ದಾಗಲೇ ಕಂಪ್ಯೂಟರ್ ಎಲ್ಲವನ್ನೂ ಬದಲಿಸಿತು. 1997ರ ಏಪ್ರಿಲ್‌ನಲ್ಲಿ ನೆಸ್ಟಿಕಲ್ ಎಂಬ ಎಮ್ಯುಲೇಟರ್, ಅಂದರೆ ಪಿಸಿಯನ್ನು ಕನ್ಸೋಲ್‌ನಂತೆ ನಡೆಸುವ ಪ್ರೋಗ್ರಾಮ್, ಬಂತು. ಸಾಧಾರಣ ಪಿಸಿಯಲ್ಲೂ ನಿಂಟೆಂಡೊ ಆಟಗಳು ಸಲೀಸಾಗಿ ಓಡತೊಡಗಿದವು. ಅದರೊಳಗೇ ಚಿತ್ರ ತಿದ್ದುವ ಸೌಲಭ್ಯವೂ ಇತ್ತು. ಆ ಕನ್ಸೋಲ್‌ನಲ್ಲಿ ಚಿತ್ರವೆಲ್ಲ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಿಂದ ಆಗಿರುತ್ತದೆ. ಒಂದು ಚೌಕಕ್ಕೆ 16 ಬೈಟ್. ಆಡುತ್ತಾ ಆಡುತ್ತಾ ಮಾರಿಯೊನ ಮೀಸೆ ಅಳಿಸಬಹುದು, ಟೋಪಿ ಬದಲಿಸಬಹುದು. ಆಗಿನ ಹ್ಯಾಕ್‌ಗಳಲ್ಲಿ ಹೆಚ್ಚಿನವು ಇಂಥ ಹುಡುಗಾಟವೇ. ಕಲಿಯುವವರ ಮೊದಲ ಹೆಜ್ಜೆ ಹಾಗೇ ಇರುತ್ತದೆ.

ಹಂಚುವುದು ಹೇಗೆ ಎಂಬುದಕ್ಕೂ ಒಂದು ದಾರಿ ಸಿಕ್ಕಿತು. ತಿದ್ದಿದ ಆಟವನ್ನು ಪೂರ್ತಿ ಕೊಟ್ಟರೆ ಕಂಪನಿಯ ಆಟವನ್ನೇ ಕೊಟ್ಟಂತೆ. ಬದಲಾದ ಬೈಟ್‌ಗಳನ್ನು ಮಾತ್ರ ಕೊಟ್ಟರೆ? ಐಪಿಎಸ್ ಎಂಬ ಪ್ಯಾಚ್ ಫೈಲ್ ಮಾಡುವುದು ಇದನ್ನೇ. ಎಲ್ಲಿ ಬದಲಿಸಬೇಕು ಎನ್ನಲು ಮೂರು ಬೈಟ್, ಎಷ್ಟು ಬದಲಿಸಬೇಕು ಎನ್ನಲು ಎರಡು ಬೈಟ್, ಆಮೇಲೆ ಹೊಸ ಮಾಹಿತಿ. ಹೀಗೆ ಒಂದಾದ ಮೇಲೊಂದು. ಮೂಲ ಆಟ ಇಲ್ಲದಿದ್ದರೆ ಈ ಫೈಲ್ ಯಾವ ಉಪಯೋಗಕ್ಕೂ ಬಾರದು. ತಮ್ಮ ಕೆಲಸ ಮಾತ್ರ ತಮ್ಮದು, ಉಳಿದದ್ದು ಕಂಪನಿಯದು ಎಂದು ಅಭಿಮಾನಿಗಳೇ ಎಳೆದುಕೊಂಡ ಗೆರೆ ಇದು. ನನ್ನ ಮಟ್ಟಿಗೆ ಇದು ಪ್ರಾಮಾಣಿಕವಾದ ಗೆರೆ. ಆದರೆ ಒಂದು ಮಾತು ಹೇಳಲೇಬೇಕು. ಸ್ವಂತ ಕಾರ್ಟ್ರಿಜ್‌ನಿಂದ ಆಟವನ್ನು ಇಳಿಸಿಕೊಂಡು ಪ್ಯಾಚ್ ಹಾಕುವವರು ಕಡಿಮೆ. ಮೂಲ ಆಟವನ್ನು ಅನುಮತಿ ಇಲ್ಲದೆ ಎಲ್ಲಿಂದಲೋ ಡೌನ್‌ಲೋಡ್ ಮಾಡಿಕೊಳ್ಳುವವರೇ ಜಾಸ್ತಿ. ಉಚಿತ ಹ್ಯಾಕ್‌ಗಳನ್ನು ಕಾರ್ಟ್ರಿಜ್‌ಗೆ ತುಂಬಿ ಮಾರಿಕೊಳ್ಳುವವರೂ ಇದ್ದಾರೆ. ಹ್ಯಾಕ್ ಮಾಡಿದವರಿಗೇ ಅವರನ್ನು ಕಂಡರೆ ಆಗುವುದಿಲ್ಲ.

ಈ ಕೆಲಸದ ನಿಜವಾದ ಬೆಲೆ ಗೊತ್ತಾಗುವುದು ಅನುವಾದಗಳಲ್ಲಿ. 1990ರ ದಶಕದಲ್ಲಿ ಜಪಾನಿನ ಎಷ್ಟೋ ರೋಲ್ ಪ್ಲೇಯಿಂಗ್ ಆಟಗಳು ದೇಶ ದಾಟಲೇ ಇಲ್ಲ. ಫೈನಲ್ ಫ್ಯಾಂಟಸಿ 5 ಅಲ್ಲಿ 1992ರಲ್ಲಿ ಬಂತು, ಅಧಿಕೃತ ಇಂಗ್ಲಿಷ್ ಆವೃತ್ತಿ 1999ರಲ್ಲಿ. ಅದಕ್ಕೂ ಮುಂಚೆಯೇ ಆರ್‌ಪಿಜಿಇ ಎಂಬ ಅಭಿಮಾನಿ ಗುಂಪು ಇಂಗ್ಲಿಷ್ ಪ್ಯಾಚ್ ಹೊರತಂದಿತ್ತು.

ಇದು ಬರೀ ಭಾಷೆ ಗೊತ್ತಿದ್ದರೆ ಆಗುವ ಕೆಲಸವಲ್ಲ. ಆಟದೊಳಗೆ ಅಕ್ಷರಗಳು ಎಲ್ಲಿವೆ, ಯಾವ ಬೈಟ್ ಯಾವ ಅಕ್ಷರ ಎಂದು ಮೊದಲು ಹುಡುಕಬೇಕು. ಒಂದೊಂದು ಆಟಕ್ಕೂ ತನ್ನದೇ ಲೆಕ್ಕ. ಇಂಗ್ಲಿಷಿನ ಪೋಕೆಮಾನ್ ರೆಡ್ ಆಟದಲ್ಲಿ ‘ಎ’ ಅಕ್ಷರಕ್ಕೆ ಹೆಕ್ಸ್ 80, ಮಾರಿಯೊ ಆಟದಲ್ಲಿ ಅದೇ ಅಕ್ಷರಕ್ಕೆ 0ಎ. ಈ ಪಟ್ಟಿ ಸಿಕ್ಕ ಮೇಲೆ ಇನ್ನೊಂದು ತೊಡಕು. ಜಪಾನಿ ಲಿಪಿಯಲ್ಲಿ ಮೂರು ನಾಲ್ಕು ಅಕ್ಷರಕ್ಕೆ ಮುಗಿಯುವ ಪದಕ್ಕೆ ಇಂಗ್ಲಿಷಿನಲ್ಲಿ ಎಂಟು ಹತ್ತು ಅಕ್ಷರ ಬೇಕಾಗಬಹುದು. ಹಳೆಯ ಜಾಗ ಸಾಲುವುದಿಲ್ಲ. ಮಾತುಗಳನ್ನು ಬೇರೆ ಕಡೆ ಇಟ್ಟು, ಅವು ಎಲ್ಲಿವೆ ಎಂದು ತೋರಿಸುವ ವಿಳಾಸಗಳನ್ನೆಲ್ಲ ಬದಲಿಸಬೇಕು. ಅಕ್ಷರಗಳಿಗೆಲ್ಲ ಒಂದೇ ಅಗಲ ಎಂದು ಆಟ ನಂಬಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷಿನ ಸಣ್ಣ ‘ಐ’ ಕೂಡ ‘ಎಂ’ನಷ್ಟೇ ಜಾಗ ತಿನ್ನುತ್ತದೆ. ಅದನ್ನು ಸರಿ ಮಾಡಲು ತೆರೆಯ ಮೇಲೆ ಅಕ್ಷರ ಮೂಡಿಸುವ ಕೋಡನ್ನೇ ಹೊಸದಾಗಿ ಬರೆಯಬೇಕು. ಮೂಲ ಕೋಡ್ ಯಾರೂ ಕೊಟ್ಟಿಲ್ಲ, ಕೈಯಲ್ಲಿರುವುದು ಬೈಟ್‌ಗಳ ಸಾಲು ಮಾತ್ರ. 1995ರ ‘ಸೇಕೆನ್ ಡೆನ್ಸೆಟ್ಸು 3’ ಆಟಕ್ಕೆ ಅಭಿಮಾನಿಗಳು ಈ ಕಷ್ಟವನ್ನೆಲ್ಲ ಪಟ್ಟು 2000ದಲ್ಲಿ ಇಂಗ್ಲಿಷ್ ಪ್ಯಾಚ್ ಕೊಟ್ಟರು. ಕಂಪನಿಯ ಇಂಗ್ಲಿಷ್ ಆವೃತ್ತಿ ಬಂದಿದ್ದು 2019ರಲ್ಲಿ. ನಡುವಿನ 19 ವರ್ಷ ಇಂಗ್ಲಿಷ್ ಓದುಗರಿಗೆ ಆ ಆಟ ಸಿಕ್ಕಿದ್ದು ಈ ಪ್ಯಾಚ್‌ನಿಂದ.

ಇನ್ನೊಂದು ಕಡೆ, 2000ದಲ್ಲಿ ಲೂನಾರ್ ಮ್ಯಾಜಿಕ್ ಎಂಬ ಎಡಿಟರ್ ಬಂದು ಸೂಪರ್ ಮಾರಿಯೊ ವರ್ಲ್ಡ್‌ನ ಹಂತಗಳನ್ನು ಮೌಸ್ ಹಿಡಿದು ಕಟ್ಟುವಂತಾಯಿತು. ಬೈಟ್ ಲೆಕ್ಕ ಗೊತ್ತಿಲ್ಲದವರೂ ಕೈ ಹಾಕಿದರು. ಅದೇ ದಶಕದಲ್ಲಿ ಜಪಾನಿನ ಅಭಿಮಾನಿಯೊಬ್ಬರು ಸ್ನೇಹಿತನಿಗಾಗಿ ಮಾಡಿದ ವಿಪರೀತ ಕಷ್ಟದ ಹ್ಯಾಕ್ ವಿಡಿಯೊಗಳ ಮೂಲಕ ಜಗತ್ತೆಲ್ಲ ಹರಡಿತು. ಆಟಗಾರ ಎಲ್ಲಿ ಜಿಗಿಯುತ್ತಾನೋ ಸರಿಯಾಗಿ ಅಲ್ಲೇ ಕಣ್ಣಿಗೆ ಕಾಣದ ಒಂದು ಬ್ಲಾಕ್. ತಲೆ ಅದಕ್ಕೆ ಬಡಿದು ಮಾರಿಯೊ ನೇರ ಗುಂಡಿಗೆ. ಆ ಹ್ಯಾಕ್‌ಗೆ ಬಂದ ಹೆಸರು ‘ಕೈಜೊ’, ಮುಂದೆ ಅದೇ ಒಂದು ಬಗೆಯ ಆಟವಾಯಿತು. 2015ರಲ್ಲಿ ನಿಂಟೆಂಡೊ ತಾನೇ ಸೂಪರ್ ಮಾರಿಯೊ ಮೇಕರ್ ತಂದು ಹಂತ ಕಟ್ಟುವ ಕೆಲಸವನ್ನು ಆಟಗಾರರಿಗೆ ಕೊಟ್ಟಿತು. ಅಭಿಮಾನಿಗಳು ಅದನ್ನು 15 ವರ್ಷದಿಂದ ಮಾಡಿಕೊಂಡೇ ಬಂದಿದ್ದರು.

ಕೆಲವು ಹ್ಯಾಕ್‌ಗಳ ಹಿಂದೆ ಬಹಳ ಚಿಕ್ಕ ಆಸೆ ಇರುತ್ತದೆ. 2013ರಲ್ಲಿ ಮೈಕ್ ಮಿಕಾ ಎಂಬ ಗೇಮ್ ಡೆವಲಪರ್‌ನ ಪುಟ್ಟ ಮಗಳಿಗೆ ಡಾಂಕಿ ಕಾಂಗ್ ಆಟದಲ್ಲಿ ಹುಡುಗಿಯಾಗಿ ಆಡಬೇಕಿತ್ತು. ಮೂಲ ಆಟದಲ್ಲಿ ಪಾಲಿನ್ ಮೇಲೆ ನಿಂತು ಕಾಯುತ್ತಾಳೆ, ಮಾರಿಯೊ ಹೋಗಿ ಬಿಡಿಸುತ್ತಾನೆ. ಅಪ್ಪ ರಾತ್ರಿ ಕೂತು ಪಾಲಿನ್ ಓಡುವ, ಹತ್ತುವ, ಜಿಗಿಯುವ ಚಿತ್ರಗಳನ್ನೆಲ್ಲ ಚೌಕ ಚೌಕವಾಗಿ ಬರೆದು, ಇಬ್ಬರ ಜಾಗವನ್ನು ಅದಲು ಬದಲು ಮಾಡಿದ. 2019ರಲ್ಲಿ ಬ್ರೆಜಿಲ್‌ನ ವಿಟರ್ ವಿಲೆಲಾ ಇನ್ನೊಂದು ಬಗೆಯ ಕೆಲಸ ಮಾಡಿದರು. ಸೂಪರ್ ನಿಂಟೆಂಡೊದ ಗ್ರೇಡಿಯಸ್ 3ರಲ್ಲಿ ಶತ್ರುಗಳು ಜಾಸ್ತಿಯಾದರೆ ಆಟವೇ ನಿಧಾನವಾಗುತ್ತಿತ್ತು. ಅವರು ಅದರ ಕೋಡನ್ನು ಎಸ್‌ಎ-1 ಎಂಬ ವೇಗದ ಚಿಪ್‌ಗೆ ಹೊಂದಿಸಿ ಆ ಎಳೆದಾಟವನ್ನು ತೆಗೆದುಹಾಕಿದರು. ಆ ಚಿಪ್ ಹೊರಗಿನದಲ್ಲ, ಅದೇ ಕನ್ಸೋಲ್‌ನ ಬೇರೆ ಕಾರ್ಟ್ರಿಜ್‌ಗಳಲ್ಲಿ ಇದ್ದದ್ದೇ.

ಇಷ್ಟು ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಕಂಪನಿಗಳ ಉತ್ತರ ಒಂದೇ ರೀತಿ ಇಲ್ಲ. ಕ್ರೋನೊ ಟ್ರಿಗರ್ ಆಟದ ಮೇಲೆ ವರ್ಷಗಟ್ಟಲೆ ದುಡಿದು ಕಟ್ಟಿದ್ದ ‘ಕ್ರಿಮ್ಸನ್ ಎಕೋಸ್’ 2009ರ ಮೇ ತಿಂಗಳಲ್ಲಿ, ಇನ್ನೇನು ಬಿಡುಗಡೆ ಅನ್ನುವಾಗ ಸ್ಕ್ವೇರ್ ಎನಿಕ್ಸ್‌ನ ವಕೀಲರ ಪತ್ರ ಬಂದು ನಿಂತುಹೋಯಿತು. ಎಂಟು ವರ್ಷದ ದುಡಿಮೆಯಾಗಿದ್ದ ‘ಪೋಕೆಮಾನ್ ಪ್ರಿಸಮ್’ಗೆ 2016ರ ಡಿಸೆಂಬರ್‌ನಲ್ಲಿ ನಿಂಟೆಂಡೊದಿಂದ ಅದೇ ಗತಿಯಾಯಿತು. ಬಿಡುಗಡೆಗೆ ಉಳಿದಿದ್ದು ಕೆಲವೇ ದಿನ. ಆದರೆ ಪತ್ರ ಬಂದ ಮೇಲೆ ಎರಡೂ ಆಟಗಳ ಪ್ರತಿಗಳು ಸೋರಿ ಹೊರಗೆ ಬಂದವು. ನಿಲ್ಲಿಸಿದ್ದರಿಂದ ಮಾಡಿದವರಿಗೆ ನೋವಾಯಿತು, ಆಟಗಳು ನಿಲ್ಲಲಿಲ್ಲ.

ಸೆಗಾ ಬೇರೆ ದಾರಿ ಹಿಡಿಯಿತು. 2016ರಲ್ಲಿ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ತನ್ನ ಹಳೆಯ ಮೆಗಾ ಡ್ರೈವ್ ಕನ್ಸೋಲ್‌ನ ಆಟಗಳನ್ನು ಮಾರುವಾಗ, ಅಭಿಮಾನಿಗಳು ತಿದ್ದಿದ ಆವೃತ್ತಿಗಳನ್ನು ಅಲ್ಲೇ ಹಂಚಿಕೊಳ್ಳಲು ಜಾಗ ಕೊಟ್ಟಿತು. 2024ರಲ್ಲಿ ಆ ಮಾರಾಟ ನಿಲ್ಲುವವರೆಗೂ ಮೂಲ ಆಟ ಕೊಂಡವರು ಹ್ಯಾಕನ್ನೂ ಆಡಬಹುದಿತ್ತು. ಕಾಪಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಮರುವರ್ಷ ಬಂದ ಸೋನಿಕ್ ಮೇನಿಯಾ ಆಟವನ್ನು ಕಟ್ಟಿದವರಲ್ಲಿ ಸೋನಿಕ್ ಹ್ಯಾಕ್ ಮಾಡಿ ಹೆಸರಾಗಿದ್ದ ಸೈಮನ್ ಥಾಮ್ಲಿ, ಅಭಿಮಾನಿ ಆಟಗಳಿಂದ ಬಂದ ಕ್ರಿಶ್ಚಿಯನ್ ವೈಟ್‌ಹೆಡ್ ಇದ್ದರು. ಇದನ್ನು ಉಳಿದವರು ಯಾಕೆ ಮಾಡುತ್ತಿಲ್ಲ ಎನ್ನುವುದಕ್ಕೆ ನನಗೆ ಒಪ್ಪುವಂಥ ಕಾರಣ ಕಂಡಿಲ್ಲ.

ಈಚೆಗೆ ಕೆಲಸ ಇನ್ನೂ ಆಳಕ್ಕೆ ಹೋಗಿದೆ. ಸೂಪರ್ ಮಾರಿಯೊ 64ರ ಬೈಟ್‌ಗಳನ್ನು ಓದಿ ಓದಿ ಅಭಿಮಾನಿಗಳು ಅದರ ಕೋಡನ್ನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮತ್ತೆ ಬರೆದರು. ಅದನ್ನು ಕಂಪೈಲ್ ಮಾಡಿದರೆ, ಅಂದರೆ ಯಂತ್ರ ಓದುವ ಬೈಟ್‌ಗಳಾಗಿ ಬದಲಿಸಿದರೆ, ಮೂಲ ಆಟವೇ ಬೈಟ್ ತಪ್ಪದೆ ಬರುತ್ತದೆ. 2019ರಲ್ಲಿ ಅದು ಹೊರಬಂದಾಗ ಒಂದು ವಿಷಯ ಬಯಲಾಯಿತು. 1996ರಲ್ಲಿ ಜಪಾನ್, ಅಮೆರಿಕಗಳಲ್ಲಿ ಆಟ ಬಿಡುಗಡೆ ಮಾಡುವಾಗ ಕಂಪೈಲರ್‌ನ ವೇಗ ಹೆಚ್ಚಿಸುವ ಆಯ್ಕೆಯನ್ನೇ ಬಳಸಿರಲಿಲ್ಲ. ಕೇಜ್ ಇಮಾನ್ಯುಯರ್ ಎಂಬ ಹ್ಯಾಕರ್ ಈಗ ಆ ಕೋಡನ್ನು ತಿದ್ದಿ, ಅದೇ ಹಳೆಯ ಯಂತ್ರದಲ್ಲಿ ಆಟವನ್ನು ಹೆಚ್ಚು ವೇಗವಾಗಿ ಓಡಿಸುತ್ತಿದ್ದಾರೆ.

ಕೇಸೂ ಇಲ್ಲ, ಸ್ವಾಗತವೂ ಇಲ್ಲ ಎನ್ನುವ, ಕಂಪನಿಗಳ ಮೂರನೇ ಉತ್ತರವೂ ಒಂದಿದೆ. ಮದರ್ 3 ಆಟ ಜಪಾನಿನಲ್ಲಿ ಬಂದಿದ್ದು 2006ರ ಏಪ್ರಿಲ್‌ನಲ್ಲಿ. ವೃತ್ತಿಯಿಂದಲೂ ಅನುವಾದಕರಾದ ಕ್ಲೈಡ್ ಮ್ಯಾಂಡೆಲಿನ್ ನೇತೃತ್ವದ ಅಭಿಮಾನಿ ತಂಡ 2008ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಪ್ಯಾಚ್ ಕೊಟ್ಟಿತು. ಒಂದೇ ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಯಿತು. ಬೇಕಿದ್ದರೆ ನಮ್ಮ ಅನುವಾದವನ್ನು ಉಚಿತವಾಗಿಯೇ ಬಳಸಿಕೊಳ್ಳಿ ಎಂದು ಮ್ಯಾಂಡೆಲಿನ್ ನಿಂಟೆಂಡೊಗೆ ಹೇಳಿದರು. ಕಂಪನಿ ಅದನ್ನು ತೆಗೆದುಕೊಳ್ಳಲಿಲ್ಲ. 2024ರ ಫೆಬ್ರವರಿಯಲ್ಲಿ ಆ ಆಟವನ್ನು ನಿಂಟೆಂಡೊ ತನ್ನ ಸ್ವಿಚ್ ಆನ್‌ಲೈನ್ ಸೇವೆಗೆ ಸೇರಿಸಿತು, ಅದೂ ಜಪಾನಿನಲ್ಲಿ ಮಾತ್ರ, ಜಪಾನಿ ಭಾಷೆಯಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಆಡಬೇಕು ಎನ್ನುವವರಿಗೆ ಈಗಲೂ ಇರುವುದು ಅಭಿಮಾನಿಗಳ ಪ್ಯಾಚ್ ಒಂದೇ.