ಪೈಪ್ ತೆಗೆಯುವ ಮೊದಲು ಬೆನ್ನಿನ ಕಡೆಯೂ ನೋಡಿ

"ಡಾಕ್ಟ್ರೇ, ಅಮ್ಮಂಗೆ ಪೈಪ್ ಯಾವಾಗ ತೆಗೀತೀರಿ?" ವೆಂಟಿಲೇಟರ್ ಮೇಲಿರುವವರ ಮನೆಯವರು ಐಸಿಯು ಬಾಗಿಲಲ್ಲಿ ದಿನಾ ಕೇಳುವುದು ಇದನ್ನೇ. ಶ್ವಾಸನಾಳಕ್ಕೆ ಹಾಕಿದ ಆ ಟ್ಯೂಬನ್ನು ಅವಸರಪಟ್ಟು ತೆಗೆದರೆ ಮತ್ತೆ ಹಾಕಬೇಕಾಗಬಹುದು. ತಡ ಮಾಡಿದರೆ ಸೋಂಕಿನ ಭಯ. ಈ ಇಕ್ಕಟ್ಟಿನಲ್ಲಿ ನನಗೆ ತುಂಬಾ ನೆರವಾಗುವುದು ಹಾಸಿಗೆ ಪಕ್ಕಕ್ಕೇ ತಳ್ಳಿಕೊಂಡು ಬರುವ ಅಲ್ಟ್ರಾಸೌಂಡ್.

ಅಲ್ಟ್ರಾಸೌಂಡ್ ಗಾಳಿಯನ್ನು ದಾಟದು. ಹಾಗಾಗಿ ಚೆನ್ನಾಗಿರುವ ಶ್ವಾಸಕೋಶದಲ್ಲಿ ಹೊರಪದರ ಉಸಿರಿನ ಜೊತೆ ಜಾರುವುದು, ಅದರ ಕೆಳಗೆ ಅಡ್ಡ ಗೆರೆಗಳು, ಇಷ್ಟೇ ಕಾಣುತ್ತವೆ. ನೀರು ಸೇರಿ ಗಾಳಿ ಕಮ್ಮಿಯಾದರೆ ಟಾರ್ಚ್ ಬೆಳಕಿನ ಹಾಗೆ ಮೇಲಿಂದ ಕೆಳಗೆ ಬಿಳಿ ಪಟ್ಟೆಗಳು ಬೀಳುತ್ತವೆ. ಇವೇ ಬಿ-ಲೈನ್. ಗಾಳಿ ಪೂರ್ತಿ ಹೋದ ಜಾಗ ಥೇಟ್ ಲಿವರ್ ತರಹ ಗಟ್ಟಿಯಾಗಿ ಕಾಣುತ್ತದೆ.

ಎಡಕ್ಕೆ 6, ಬಲಕ್ಕೆ 6, ಒಟ್ಟು 12 ಜಾಗ ನೋಡುತ್ತೇವೆ. ಪ್ರತಿ ಜಾಗಕ್ಕೂ 0ಯಿಂದ 3ರವರೆಗೆ ಅಂಕ. ಜಾಸ್ತಿ ಅಂಕ ಬಂದಷ್ಟೂ ಗಾಳಿ ಕಮ್ಮಿ. ಎಲ್ಲ ಕಡೆ ಕೆಟ್ಟಿದ್ದರೆ 36.

ಎದೆಯ ಮುಂದೆ ಪ್ರೋಬ್, ಅಂದರೆ ಮೈಗೆ ಒತ್ತಿ ಹಿಡಿಯುವ ಅಲ್ಟ್ರಾಸೌಂಡ್ ಸಾಧನ, ಇಡುವುದು ಸುಲಭ. ಆದರೆ ದಿನಗಟ್ಟಲೆ ಅಂಗಾತ ಮಲಗಿದವರಲ್ಲಿ ಗಾಳಿ ಹೋಗಿ ಮೊದಲು ಮುಚ್ಚಿಕೊಳ್ಳುವುದು ಬೆನ್ನಿನ ಕಡೆಯ ಶ್ವಾಸಕೋಶದ ಕೆಳಭಾಗ. ಅದನ್ನು ಬಿಟ್ಟು ಹಾಕಿದ ಅಂಕ ಸುಮ್ನೆ ಸಮಾಧಾನಕ್ಕೆ ಅಷ್ಟೇ. ಸಿಸ್ಟರ್ ಒಬ್ಬರು ಭುಜ ಹಿಡಿದು ಸ್ವಲ್ಪ ವಾಲಿಸುತ್ತಾರೆ. ಇನ್ನೊಬ್ಬರು ಟ್ಯೂಬ್ ಅಲುಗದಂತೆ ಹಿಡಿದಿರುತ್ತಾರೆ. ಜೆಲ್ ಹಚ್ಚಿದ ಪ್ರೋಬನ್ನು ನಾನು ಬೆನ್ನಿಗೂ ಹಾಸಿಗೆಗೂ ನಡುವೆ ತೂರಿಸುತ್ತೇನೆ. ಮೂವರ ಕೆಲಸ ಇದು, ಆದರೂ ಬಿಡಬಾರದು.

ನ್ಯುಮೋನಿಯಾ ಆಗಿದ್ದ ಒಬ್ಬ ಅಜ್ಜಿಗೆ ವೆಂಟಿಲೇಟರ್ ಸಹಾಯ ತಗ್ಗಿಸಿ, ತಾವೇ ಉಸಿರಾಡಬಲ್ಲರೇ ನೋಡಲು ಅರ್ಧ ಗಂಟೆ ಟ್ರಯಲ್ ಕೊಟ್ಟೆವು. ಎಕ್ಸ್-ರೇ ಸುಧಾರಿಸಿತ್ತು. ಟ್ರಯಲ್ ಮುಗಿದಾಗಲೂ ಆಕ್ಸಿಜನ್ 96ರಲ್ಲೇ ಇತ್ತು. ಆದರೆ 10 ಇದ್ದ ಅಂಕ 18ಕ್ಕೆ ಏರಿತ್ತು. ಆಗಷ್ಟೇ ಅಡ್ಡ ಗೆರೆ ಇದ್ದ ಎದೆಯ ಮುಂಭಾಗದಲ್ಲೂ ಬಿಳಿ ಪಟ್ಟೆಗಳು! ವೆಂಟಿಲೇಟರ್ ಒತ್ತಡ ಇಳಿದಾಗ ಹೃದಯಕ್ಕೆ ಮರಳುವ ರಕ್ತ ಹೆಚ್ಚುತ್ತದೆ. ಸುಸ್ತಾದ ಹೃದಯ ಅದನ್ನು ತಾಳದಿದ್ದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಅವರಿಗೆ ಆಗಿದ್ದು ಅದೇ. ಟ್ರಯಲ್ ಮುಗಿದಾಗ ಅಂಕ 17 ದಾಟಿದವರಿಗೆ ಟ್ಯೂಬ್ ತೆಗೆದ ಮೇಲೆ ಉಸಿರಾಟದ ತೊಂದರೆ ಜಾಸ್ತಿ, 13ಕ್ಕಿಂತ ಕಡಿಮೆ ಇದ್ದವರಿಗೆ ಕಮ್ಮಿ ಎಂದು ಫ್ರಾನ್ಸ್‌ನ ವೈದ್ಯರು 2012ರಲ್ಲಿ ತೋರಿಸಿದ್ದರು. ನಾವು ಟ್ಯೂಬ್ ತೆಗೆಯಲಿಲ್ಲ. ಮೂತ್ರ ಹೋಗುವ ಔಷಧಿ ಕೊಟ್ಟೆವು. ಎರಡು ದಿನ ಬಿಟ್ಟು ಟ್ರಯಲ್ ಮಾಡಿದಾಗ ಅಂಕ 11. ಅಂದೇ ತೆಗೆದೆವು.

ಅಂಕವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಹಳೇ ಕಾಯಿಲೆಯಿಂದ ಶ್ವಾಸಕೋಶ ಗಡಸಾಗಿದ್ದರೂ ಬಿ-ಲೈನ್ ಬರುತ್ತವೆ. ಚರ್ಮದ ಕೆಳಗೆ ಗಾಳಿ ಸೇರಿದ್ದರೆ ಏನೂ ಕಾಣದು. ಪೀಪ್, ಅಂದರೆ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ವೆಂಟಿಲೇಟರ್ ಉಳಿಸುವ ಒತ್ತಡ, ಏರಿಸಿದಾಗ ಮುಚ್ಚಿದ್ದ ಜಾಗ ತೆರೆದುಕೊಂಡಿದ್ದು ತಿಳಿಯುತ್ತದೆ, ಆದರೆ ತೆರೆದಿದ್ದ ಜಾಗ ವಿಪರೀತ ಹಿಗ್ಗಿದ್ದು ತಿಳಿಯುವುದಿಲ್ಲ. ಅದಕ್ಕೆ ವೆಂಟಿಲೇಟರ್ ತೋರಿಸುವ ಒತ್ತಡದ ಮೇಲೂ ಕಣ್ಣಿಟ್ಟಿರಬೇಕು.