ಬಿಟ್‌ರೇಟ್: ಒಂದೊಂದು ಸೆಕೆಂಡಿನ ಪಾಲಿಗೆ ಬಂದದ್ದು

ಕ್ಯಾಮ್‌ಕಾರ್ಡರ್ ಟೇಪನ್ನು ಡಿವಿಡಿಗೆ ಹಾಕಿ ನೋಡಿದಾಗ ಕುರ್ಚಿಯಲ್ಲಿ ಕುಳಿತ ಅಜ್ಜಿ ಚೆನ್ನಾಗಿಯೇ ಕಾಣುತ್ತಾರೆ. ಅವರ ಹಿಂದೆ ಹುಲ್ಲಿನ ಮೇಲೆ ಓಡುವ ಮಗುವಿನ ಮುಖ ಮಾತ್ರ ಚೌಕಚೌಕವಾಗಿ ಒಡೆಯುತ್ತದೆ. ಟೇಪು ಹಳತಾಯಿತು, ಇನ್ನೇನು ಅಂದುಕೊಳ್ಳುತ್ತೇವೆ. ಡಿಜಿಟಲ್ ಟೇಪು ಸವೆದಾಗಲೂ ಚೌಕಗಳು ಬೀಳುವುದುಂಟು, ನಿಜ. ಆದರೆ ಅವು ಓಡುವವರು ಯಾರು, ಕುಳಿತವರು ಯಾರು ಎಂದು ನೋಡಿ ಬರುವುದಿಲ್ಲ. ಓಡುವಾಗ ಒಡೆದು, ನಿಂತಾಗ ಕೂಡಿಕೊಂಡರೆ ಗುಮಾನಿ ಪಡಬೇಕಾದದ್ದು ಬಿಟ್‌ರೇಟ್ ಮೇಲೆ.

ಒಂದು ಸೆಕೆಂಡಿನ ವಿಡಿಯೊ ಬರೆದಿಡಲು ಎಷ್ಟು ಬಿಟ್ (0 ಅಥವಾ 1 ಎಂಬ ಅತಿ ಚಿಕ್ಕ ಡಿಜಿಟಲ್ ಗುರುತು) ಖರ್ಚಾಗುತ್ತದೆ ಎಂಬ ಲೆಕ್ಕವೇ ಬಿಟ್‌ರೇಟ್. ಎಣಿಸುವುದು ಮೆಗಾಬಿಟ್‌ಗಳಲ್ಲಿ, ಅಂದರೆ ಹತ್ತು ಲಕ್ಷ ಬಿಟ್‌ಗಳ ಲೆಕ್ಕದಲ್ಲಿ. ಮೆಗಾಬೈಟ್ ಬೇರೆ, 8 ಬಿಟ್ ಸೇರಿದರೆ ಒಂದು ಬೈಟ್. ಇಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಎಂಟು ಪಟ್ಟು ತಪ್ಪುತ್ತದೆ.

1995ರಲ್ಲಿ ಬಂದ ಡಿವಿ ಮಾದರಿಯ ಟೇಪು (ಪುಟ್ಟ ಮಿನಿಡಿವಿ ಕ್ಯಾಸೆಟ್ ಈ ಜಾತಿಯದೇ) ಚಿತ್ರವೊಂದಕ್ಕೇ ಸೆಕೆಂಡಿಗೆ 25 ಮೆಗಾಬಿಟ್ ಕೊಡುತ್ತದೆ. ಧ್ವನಿಯೂ ಸೇರಿ ಒಂದು ಗಂಟೆಗೆ ಸುಮಾರು 13 ಜಿಬಿ. ಡಿವಿಡಿಯಲ್ಲಿ ಚಿತ್ರಕ್ಕೆ ಸಿಗುವ ಗರಿಷ್ಠ ಪಾಲು 9.8 ಮೆಗಾಬಿಟ್. ಕೇಳಿದರೆ ಎದೆ ಧಸಕ್ಕೆನ್ನುವಷ್ಟು ಅಂತರ, ಆದರೂ ಅಷ್ಟು ನಷ್ಟವೇನಿಲ್ಲ. ಡಿವಿ ಪ್ರತಿ ಫ್ರೇಮನ್ನೂ (ವಿಡಿಯೊದ ಒಂದೊಂದು ಬಿಡಿ ಚಿತ್ರವನ್ನೂ) ಬಿಡಿಬಿಡಿಯಾಗಿ ಬರೆಯುತ್ತದೆ. ಡಿವಿಡಿ ಬಳಸುವ ಎಂಪೆಗ್-2 ಎಂಬ ವಿಡಿಯೊ ಕುಗ್ಗಿಸುವ ವಿಧಾನ ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ತಿ ಚಿತ್ರ ಬರೆದು, ನಡುವಿನ ಫ್ರೇಮುಗಳಲ್ಲಿ ಏನು ಬದಲಾಯಿತು ಅಷ್ಟನ್ನೇ ಬರೆದುಕೊಳ್ಳುತ್ತದೆ. ಅಜ್ಜಿ ಕದಲದಿದ್ದರೆ ಬರೆಯುವುದಕ್ಕೇನೂ ಇಲ್ಲ. ಮಗು ಓಡಿತೋ, ಹುಲ್ಲು ಅಲ್ಲಾಡಿತೋ, ಖರ್ಚು ಏರಿತು.

ಈಗ ಹಂಚಿ ನೋಡಿ. ಸಾಮಾನ್ಯ ಡಿವಿಡಿಯ 4.7 ಜಿಬಿ ಎಂದರೆ 37,600 ಮೆಗಾಬಿಟ್. ಒಂದು ಗಂಟೆಗೆ ಹಂಚಿದರೆ ಸೆಕೆಂಡಿಗೆ 10ರ ಆಸುಪಾಸು, ಎರಡು ಗಂಟೆಗೆ 5, ನಾಲ್ಕು ಗಂಟೆಗೆ ಎರಡೂವರೆ. ಧ್ವನಿಯ ಪಾಲೂ ಇದರಲ್ಲೇ ಹೋಗಬೇಕು: ಕುಗ್ಗಿಸದ ಪಿಸಿಎಂ ಧ್ವನಿ ಒಂದೂವರೆ ಮೆಗಾಬಿಟ್ ನುಂಗುತ್ತದೆ, ಕುಗ್ಗಿಸಿದ ಡಾಲ್ಬಿಯ ಎಸಿ-3 ಆದರೆ 0.2ರಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ. ಡಿಸ್ಕ್ ಉಳಿಸಲು ನಾಲ್ಕು ಟೇಪುಗಳನ್ನು ಒಂದರಲ್ಲೇ ತುರುಕುವುದು ಜಾಣತನವಲ್ಲ. ಗಂಟೆಗೊಂದು ಡಿಸ್ಕ್ ಇರಲಿ ಎಂಬುದು ನನ್ನ ಹಟ.

ಸಿನಿಮಾಗಳು ಎರಡು ಗಂಟೆಯಿದ್ದೂ ಚೆನ್ನಾಗಿಯೇ ಕಾಣುತ್ತವಲ್ಲ? ಸಿನಿಮಾದ ಕ್ಯಾಮೆರಾ ಹೆಚ್ಚಾಗಿ ಸ್ಟ್ಯಾಂಡಿನ ಮೇಲೋ ಹಳಿಯ ಮೇಲೋ ಇರುತ್ತದೆ. ಮನೆಯ ವಿಡಿಯೊ ಕೈಯಲ್ಲಿ ಹಿಡಿದು ತೆಗೆದದ್ದು. ಕೈ ನಡುಗಿದರೆ ಗೋಡೆ, ಮರ, ಅಜ್ಜಿ ಎಲ್ಲವೂ ಒಟ್ಟಿಗೆ ಕದಲುತ್ತವೆ. ಮಂದ ಬೆಳಕಿನಲ್ಲಿ ತೆಗೆದ ಹೈ-8 (ಡಿಜಿಟಲ್ ಅಲ್ಲದ ಹಳೆಯ ಕ್ಯಾಮ್‌ಕಾರ್ಡರ್ ಟೇಪು) ಟೇಪಿನ ಕಥೆ ಇನ್ನೂ ಕಷ್ಟ. ಅದರ ಮೇಲೆ ಜಿಬುಜಿಬು ಎನ್ನುವ ಕಾಳುಕಾಳು ನಾಯ್ಸನ್ನೂ ಎನ್‌ಕೋಡರ್ (ವಿಡಿಯೊ ಕುಗ್ಗಿಸಿ ಬರೆಯುವ ಸಾಧನ) ಚಿತ್ರವೆಂದೇ ನಂಬಿ, ಪಾಲು ಕೊಟ್ಟು ಕೂರಿಸುತ್ತದೆ. ಹದವಾಗಿ ನಾಯ್ಸ್ ತಗ್ಗಿಸಿ ಎನ್‌ಕೋಡ್ ಮಾಡಿದರೆ ಆ ಬಿಟ್‌ಗಳು ಮುಖಕ್ಕೆ ಉಳಿಯುತ್ತವೆ. ಅತಿಯಾದರೆ ಮುಖ ಮೇಣದ ಬೊಂಬೆಯಂತಾಗುತ್ತದೆ.

ಸಾಫ್ಟ್‌ವೇರಿನಲ್ಲಿ ಟು-ಪಾಸ್ ವಿಬಿಆರ್ (ಎರಡು ಸುತ್ತಿನ, ಬೇಕಾದಂತೆ ಏರಿಳಿಯುವ ಬಿಟ್‌ರೇಟ್) ಎಂಬ ಆಯ್ಕೆಯಿದ್ದರೆ ಅದನ್ನೇ ಒತ್ತಿ. ಮೊದಲ ಸುತ್ತಿನಲ್ಲಿ ಎಲ್ಲಿ ಎಷ್ಟು ಬೇಕೆಂದು ಅಳೆದು, ಎರಡನೆಯದರಲ್ಲಿ ಹಂಚುತ್ತದೆ: ಅಜ್ಜಿಯ ಪಾಲಿನಲ್ಲಿ ಮಿಕ್ಕದ್ದು ಮಗುವಿಗೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಒಮ್ಮೆ ಕಳೆದ ಬಿಟ್ ಮತ್ತೆ ಬರುವುದಿಲ್ಲ. 3 ಮೆಗಾಬಿಟ್ಟಿನ ಡಿವಿಡಿಯನ್ನು 9ಕ್ಕೆ ಏರಿಸಿ ಮತ್ತೆ ಬರೆದರೆ ಫೈಲು ದಪ್ಪವಾಗುತ್ತದೆ, ಚೌಕಗಳು ಹಾಗೆಯೇ ಇರುತ್ತವೆ. ಸರಿಮಾಡಲು ಟೇಪಿಗೇ ಹೋಗಬೇಕು. ಡಿವಿ ಟೇಪಾದರೆ ಫೈರ್‌ವೈರ್ ಕೇಬಲ್ಲಿನಲ್ಲಿ ಎಳೆದುಕೊಳ್ಳಿ. ಟೇಪಿನ ಮೇಲಿದ್ದ ಬಿಟ್‌ಗಳೇ ಕಂಪ್ಯೂಟರಿಗೆ ಇಳಿಯುತ್ತವೆ, ಮರು ಎನ್‌ಕೋಡಿಂಗ್ ಇಲ್ಲ. ಆ ಫೈಲನ್ನು ಹಾಗೆಯೇ ಡೇಟಾ ಆಗಿ ಇಡುವುದಾದರೆ ಗಂಟೆಗೆ ಮೂರು ಡಿವಿಡಿ ಬೇಕು. 25 ಜಿಬಿಯ ಬ್ಲೂ-ರೇ ಒಂದರಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಸುತ್ತದೆ.